ಯಾರದೂ ತಪ್ಪಿಲ್ಲ ಎಂದ ಮಾತು

ನನ್ನ ಎಡಗಾಲಿನ ಮೂರು ಬೆರಳು ಹೋದದ್ದು ತೆಂಗಿನಕಾಯಿ ಹೋಳಿನ ಆಸೆಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದೆ ಕೋರ್ಟಿನಲ್ಲಿ ಎದುರು ಕಡೆಯ ವಕೀಲರು ದೊಡ್ಡ ಗುಟ್ಟು ಬಯಲು ಮಾಡಿದವರಂತೆ ಇದನ್ನೇ ಮೂರು ಸಲ ಕೇಳಿದರು. ಹೌದು, ಆಸೆಪಟ್ಟೆ. ಹತ್ತು ವರ್ಷದ ಹುಡುಗಿ ಕೊಬ್ಬರಿಗೆ ಆಸೆಪಡದೆ ಕಾಶಿಯಾತ್ರೆಗೆ ಆಸೆಪಡುತ್ತಾಳೆಯೇ?

ನಮ್ಮೂರು ಮಲಪನಗುಡಿ. ಕಾಲುವೆಯ ಕೆಳಗೆ ಅಪ್ಪನ ಬಾಳೆ ತೋಟವಿತ್ತು. ಕಂಪ್ಲಿಯ ಒಬ್ಬ ಅಕ್ಕಿ ಗಿರಣಿ ಮಾಲೀಕರ ಮೋಟಾರು ಬಸ್ಸು ಬೆಳಿಗ್ಗೆ ಹೊಸಪೇಟೆಗೆ ಹೋಗುತ್ತಿತ್ತು. ದಾರಿಯ ಊರುಗಳಿಂದ ಹೊಸಪೇಟೆಯ ಸಾಲಿಗೆ ಹೋಗುವ ಮಕ್ಕಳೇ ಅದರಲ್ಲಿ ಅರ್ಧ ಬಸ್ಸು ತುಂಬುತ್ತಿದ್ದರಿಂದ ಜನ ಅದನ್ನು ಸಾಲಿ ಬಸ್ಸು ಎಂದೇ ಕರೆಯುತ್ತಿದ್ದರು. ನಮ್ಮೂರಿನಿಂದ ಹತ್ತುತ್ತಿದ್ದವರು ಹನ್ನೆರಡು ಮಂದಿ, ಅದರಲ್ಲಿ ಹೆಣ್ಣು ನಾನೊಬ್ಬಳೇ.

ಅಮಾವಾಸ್ಯೆಯ ದಿನ ಬಸ್ಸು ಹಳೆ ಬಾವಿಯ ಹತ್ತಿರದ ಬೇವಿನ ಮರದ ಕೆಳಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಅಲ್ಲಿ ಹನುಮಪ್ಪನ ಕಟ್ಟೆ ಇತ್ತು. ಡ್ರೈವರು ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಬಸ್ಸಿನ ಮುಂದೆ ಕಾಯಿ ಒಡೆದು, ತಕ್ಷಣ ಹತ್ತಿ ಬಸ್ಸನ್ನು ಒಂದು ಮಾರು ಮುಂದೆ ಬಿಟ್ಟು ನಿಂಬೆಹಣ್ಣು ಜಜ್ಜಿಸಬೇಕು. ಒಡೆದ ಕಾಯಿ ಮಕ್ಕಳದು. ಸಿಕ್ಕವರಿಗೆ ಸೀರುಂಡೆ. ಮೂರು ವರ್ಷದಲ್ಲಿ ನನಗೆ ಒಂದು ಚೂರೂ ಸಿಕ್ಕಿರಲಿಲ್ಲ, ಗಂಡುಹುಡುಗರು ಮೊಣಕೈಯಲ್ಲಿ ತಳ್ಳಿಬಿಡುತ್ತಿದ್ದರು. ಅದುವರೆಗೆ ಕಂಡಕ್ಟರು ಕೆಳಗೆ ನಿಂತು, ಮಕ್ಕಳನ್ನೆಲ್ಲ ಕಟ್ಟೆಗೆ ಓಡಿಸಿ, ಗಾಲಿಗಳ ಕಡೆ ಬಗ್ಗಿ ನೋಡಿ, ಆಮೇಲೆ ರೈಟ್ ಅನ್ನುತ್ತಿದ್ದ. ಆ ತಿಂಗಳು ಮಾಲೀಕರು ಕಂಡಕ್ಟರನನ್ನು ಬಿಡಿಸಿದ್ದರು. ಟಿಕೀಟೂ ಡ್ರೈವರನೇ ಹರಿಯಬೇಕು, ಬಾಗಿಲೂ ಅವನೇ ಹಾಕಬೇಕು.

ಆ ದಿನ ಕಾಯಿಯ ಒಂದು ಹೋಳು ಯಾರ ಕೈಗೂ ಸಿಗದೆ ಉರುಳಿ ಮುಂದಿನ ಗಾಲಿಯ ಒಳಮಗ್ಗುಲಿಗೆ ಹೋಯಿತು. ಹುಡುಗರು ಬೇರೆ ಹೋಳಿಗೆ ಬಡಿದಾಡುತ್ತಿದ್ದರು. ನಾನು ಬಗ್ಗಿ ಒಳಗೆ ಕಾಲು ಚಾಚಿ ಅದನ್ನು ಎಳೆದುಕೊಳ್ಳಲು ನೋಡಿದೆ. ಬಸ್ಸು ಒಂದು ಮಾರು ಮುಂದೆ ಹೋಯಿತು. ನೋವಿನ ನೆನಪು ನನಗಿಲ್ಲ. ನಿಂಬೆಹಣ್ಣಿನ ವಾಸನೆ ನೆನಪಿದೆ.

ಹೊಸಪೇಟೆ ಆಸ್ಪತ್ರೆಗೆ ಅದೇ ಬಸ್ಸಿನಲ್ಲಿ ಒಯ್ದರು. ಡಾಕ್ಟರು ಮೂರು ಬೆರಳು ತೆಗೆದು, ಪಾದವನ್ನು ಆದಷ್ಟು ನೇರ ಮಾಡಿದರು. ಆದಷ್ಟು ಅಂದರೆ ಈಗಲೂ ನಾನು ನಡೆಯುವುದನ್ನು ನೋಡಿದವರಿಗೆ ಗೊತ್ತು.

ಆ ಸಂಜೆ ನಮ್ಮ ಮನೆಯಲ್ಲಿ ನಡೆದದ್ದನ್ನು ಅವ್ವ ನನಗೆ ಆಮೇಲೆ ಹೇಳಿದಳು. ಅಜ್ಜಿಯನ್ನು ಆಸ್ಪತ್ರೆಯಲ್ಲಿ ನನ್ನ ಜೊತೆ ಬಿಟ್ಟು ಅಪ್ಪ ಅವ್ವ ಹಾಸಿಗೆ ಬಟ್ಟೆ ತರಲು ಊರಿಗೆ ಬಂದಿದ್ದರು. ಅಷ್ಟರಲ್ಲಿ ಡ್ರೈವರು ಬಂದ. ಅವನ ಜೊತೆ ಮಾಲೀಕರ ಗುಮಾಸ್ತನೂ ಬಂದಿದ್ದ. ಡ್ರೈವರು ಒಳಗೆ ಬರದೆ ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತು ಅತ್ತನಂತೆ. "ನನ್ನ ಕೈಯಾಗ ಹಿಂಗಾತಲ್ರೀ ಯಜಮಾನ್ರ, ನನಗೂ ಅಷ್ಟ ವಯಸ್ಸಿನ ಮಗಳದಾಳ."

ಅಪ್ಪ ಅವನ ರಟ್ಟೆ ಹಿಡಿದು ಎಬ್ಬಿಸಿದ. "ಅಳಬ್ಯಾಡ್ರಿ. ಯಾರದೂ ತಪ್ಪಿಲ್ಲ, ನಮ್ಮ ಹಣೆಬರಹ. ಏಳ್ರಿ, ಕೈಕಾಲ್ ತೊಳ್ಕಂಡು ಒಂದು ತುತ್ತು ಉಣ್ರಿ."

ನಮ್ಮ ಕಡೆ ಬಾಗಿಲಿಗೆ ಬಂದು ಅತ್ತವರಿಗೆ ಇದನ್ನೇ ಹೇಳುವುದು. ಸತ್ತ ಮನೆಯಲ್ಲಿ, ಹೊಲ ಹಾಳಾದ ಮನೆಯಲ್ಲಿ, ಎಲ್ಲ ಕಡೆಯೂ ಇದೇ ಮಾತು. ಅದರ ಅರ್ಥ ಯಾರ ತಪ್ಪೂ ಇಲ್ಲ ಅಂತಲ್ಲ, ಈಗ ಸಾಕು ಮಾಡು, ಏಳು ಅಂತ. ಇದು ಊರಿಗೆಲ್ಲ ಗೊತ್ತು. ಗುಮಾಸ್ತನಿಗೂ ಗೊತ್ತಿತ್ತು. ಅವನೂ ಇದೇ ಸೀಮೆಯವನು, ಆಕಾಶದಿಂದ ಉದುರಿದವನಲ್ಲ.

ಮಾರನೆಯ ದಿನ ಆಸ್ಪತ್ರೆಯ ಪಡಸಾಲೆಗೆ ಪೊಲೀಸು ದಫೇದಾರ ಬಂದ. ಗುಮಾಸ್ತ ಅವನ ಬೆನ್ನಿಗೇ ಇದ್ದ. ಬರೆದುಕೊಂಡೇ ತಂದಿದ್ದ ಕಾಗದವನ್ನು ಓದಿದರು: ಹುಡುಗಿ ತಾನಾಗಿ ಗಾಲಿಗೆ ಅಡ್ಡ ಹೋದಳು, ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಹುಡುಗಿಯ ತಂದೆಯೇ ಹೇಳಿರುತ್ತಾರೆ.

"ಈ ಮಾತು ನೀವು ಆಡೀರೋ ಇಲ್ಲೋ?" ಎಂದು ದಫೇದಾರ ಕೇಳಿದ.

ಅಪ್ಪ "ಆಡೀನ್ರಿ" ಎಂದ. ರುಜು ಹಾಕಿದ. ಆಡಿದ ಮಾತನ್ನು ಆಡಲಿಲ್ಲ ಎನ್ನುವುದು ಅವನಿಗೆ ಬರುತ್ತಿರಲಿಲ್ಲ. ಅಜ್ಜಿಗೆ ಇದು ಗೊತ್ತಾದಾಗ ತಲೆ ಚಚ್ಚಿಕೊಂಡಳು. "ಮಾತು ಆಡಿದರೆ ಹೋತು, ಮುತ್ತು ಒಡೆದರೆ ಹೋತು. ಉಣ್ಣಾಕ ಕರದ ಬಾಯಾಗ ಮಗಳ ಕಾಲು ಬರಕೊಟ್ಟು ಬಂದಿಯಲ್ಲೋ."

ಅಪ್ಪ ಬಂದು ನನ್ನ ಮಂಚದ ಪಕ್ಕ ಕೂತ. ನನ್ನ ತಲೆ ಸವರುತ್ತ, ಅಭ್ಯಾಸಬಲದಿಂದ ಇರಬೇಕು, "ಯಾರದೂ ತಪ್ಪಿಲ್ಲವ್ವ" ಎಂದ.

ನಾನು ಕೇಳಿದೆ, "ಹಂಗಾರ ನಂದಾ?"

ಅಪ್ಪ ಎದ್ದು ನೀರು ತರುತ್ತೇನೆಂದು ಚೊಂಬು ಹಿಡಿದು ಹೊರಗೆ ಹೋದ. ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ. ಆದರೆ ಪ್ರಶ್ನೆ ನನ್ನ ಜೊತೆಗೇ ಉಳಿಯಿತು. ಡ್ರೈವರನದಲ್ಲ, ಮಾಲೀಕರದಲ್ಲ, ಪೊಲೀಸರೂ ಅದನ್ನೇ ಬರೆದುಕೊಂಡು ಹೋದರು. ಹಾಗಾದರೆ ಲೆಕ್ಕಕ್ಕೆ ಉಳಿದವಳು ನಾನೇ. ತಪ್ಪು ಇಂಥವರದು ಎಂದು ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಲಿ ಎಂಬುದು ಬಿಟ್ಟರೆ ನನಗೆ ಆಗ ಬೇರೆ ಏನೂ ಬೇಕಾಗಿರಲಿಲ್ಲ.

ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮಾಲೀಕರು ಡ್ರೈವರನನ್ನು ತೆಗೆದುಹಾಕಿ, ಹೊಸ ಡ್ರೈವರನ ಜೊತೆ ಹೊಸ ಕಂಡಕ್ಟರನನ್ನೂ ಇಟ್ಟಿದ್ದರು. ಹೆಬ್ಬೆರಳು ಕಡಿದ ಮೇಲೆ ಕುಡುಗೋಲಿಗೆ ಹಿಡಿ ಹಾಕಿಸಿದ ಹಾಗೆ.

ಅಪ್ಪ ಹೊಸಪೇಟೆಯ ಒಬ್ಬ ವಕೀಲರಲ್ಲಿಗೆ ಹೋದ. ಕುಂಟುತ್ತಾ ನಾನೂ ಹೋದೆ, ಕಾಲು ತೋರಿಸಬೇಕಲ್ಲ. ವಕೀಲರು ವಯಸ್ಸಾದವರು, ತುಂಬ ನಶ್ಯ ಸೇದುವವರು. ಕಾಗದದ ನಕಲು ಓದಿ ಕನ್ನಡಕ ತೆಗೆದರು.

"ನೋಡ್ರಿ, ದಾರಿ ಇರೋದು ಮೂರು. ಒಂದು, ಪೊಲೀಸ್ ಕೇಸು. ಅದು ಡ್ರೈವರನ ಮ್ಯಾಲೆ. ನಿಮ್ಮ ಈ ರುಜು ನೋಡಿ ಅವರು ಅದನ್ನ ಮುಚ್ಚಿಬಿಟ್ಟಾರ. ಮ್ಯಾಜಿಸ್ಟ್ರೇಟರ ಮುಂದ ನೀವ ಖಾಸಗಿ ಫಿರ್ಯಾದಿ ಕೊಡಬಹುದು. ಕೊಟ್ರ ಆ ಡ್ರೈವರ ಜೇಲಿಗೆ ಹೋಗಬಹುದು, ಮಾಲೀಕಗ ಏನೂ ಆಗಂಗಿಲ್ಲ. ಎರಡು, ಮುನಸೀಫ್ ಕೋರ್ಟಿನಾಗ ಮಾಲೀಕನ ಮ್ಯಾಲೆ ನಷ್ಟಪರಿಹಾರದ ದಾವಾ. ಆಳು ಮಾಲೀಕನ ಕೆಲಸದ ಮ್ಯಾಲಿದ್ದಾಗ ಮಾಡಿದ ತಪ್ಪಿಗೆ ಮಾಲೀಕ ಜವಾಬ್ದಾರ. ಆದ್ರ ಆಳು ತಪ್ಪು ಮಾಡಿದ ಅಂತ ಮೊದಲು ತೋರಸಬೇಕು. ಮೂರು, ರಾಜಿ. ಅವರ ಗುಮಾಸ್ತ ನನ್ನ ಹತ್ರ ಬಂದಿದ್ದ. ಬರಕೊಟ್ರ ಏನಾರ ಕೊಡ್ತಾರ, ಹುಡುಗೀನ ಬಸ್ಸಿಗೆ ಪುಕ್ಕಟೆ ಹತ್ತಿಸ್ತಾರ. ಇಲ್ಲಂದ್ರ ಇಲ್ಲ."

"ಇಲ್ಲಂದ್ರ?" ಎಂದ ಅಪ್ಪ.

"ಇಲ್ಲಂದ್ರ ಆಕಿನ್ನ ಹತ್ತಸಂಗಿಲ್ಲ ಅಂತಾರ."

ಅಪ್ಪ ನನ್ನನ್ನು ನೋಡಿದ. ಸಾಲಿ ಬಿಡಿಸಬೇಡ ಎಂದು ನಾನು ಆಸ್ಪತ್ರೆಯಲ್ಲೇ ಹಟ ಹಿಡಿದಿದ್ದೆ. ಕುಂಟಿ ಎಂದಾದ ಮೇಲೆ ನನಗೆ ಉಳಿದದ್ದು ಅದೊಂದೇ ಎಂದು ಹತ್ತು ವರ್ಷಕ್ಕೇ ತಿಳಿದಿತ್ತು.

"ಬರಕೊಟ್ರ ಈಕಿ ಮುಂದ ಕೇಳಾಕ ಬರಂಗಿಲ್ಲೇನ್ರಿ?"

ವಕೀಲರು ನಶ್ಯದ ಡಬ್ಬಿಯ ಮೇಲೆ ಬೆರಳು ತಟ್ಟಿದರು. "ಒಳ್ಳೆ ಮಾತು ಕೇಳಿದ್ರಿ. ನೋಡ್ರಿ, ಗಾಯ ಆಗಿದ್ದು ಈಕಿಗೆ. ಹಕ್ಕೂ ಈಕೀದು. ನೀವು ಆಡಿದ ಮಾತು ನಿಮ್ಮದು, ಅದು ಈಕಿ ಬಾಯಿ ಕಟ್ಟಂಗಿಲ್ಲ. ದೊಡ್ಡವರಿಗೆ ಇಂಥಾ ದಾವಾಕ್ಕ ಒಂದು ವರ್ಷದ ವಾಯಿದೆ. ಮೈನರಿಗೆ ಹಂಗಲ್ಲ. ಹದಿನೆಂಟು ತುಂಬೋ ತನಕ ವಾಯಿದೆ ಓಡಂಗೇ ಇಲ್ಲ. ತುಂಬಿದ ಮ್ಯಾಲೆ ಒಂದು ವರ್ಷ. ಅದರೊಳಗ ಈಕಿ ತಾನ ಬಂದು ಕೇಳಬಹುದು. ಆದ್ರ ನೀವೀಗ ರಾಜಿ ಬರಕೊಟ್ರ ಆಮ್ಯಾಲೆ ಅದನ್ನ ಕೀಳೋದು ದೊಡ್ಡ ರಗಳೆ."

ನಾವು ಊರಿಗೆ ಬಂದೆವು. ಗುಮಾಸ್ತ ರಾಜಿ ಕಾಗದ ಹಿಡಿದು ಮೂರು ಸಲ ಬಂದ. ಊರವರೂ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತರು. ಅವರ ಹೆದರಿಕೆ ಬೇರೆ. ಈ ಜಗಳದಲ್ಲಿ ಬಸ್ಸು ನಮ್ಮೂರಲ್ಲಿ ನಿಲ್ಲುವುದೇ ತಪ್ಪಿದರೆ ತಮ್ಮ ಮಕ್ಕಳ ಗತಿಯೇನು ಎಂದು. "ಕೋರ್ಟಿನಾಗ ಗೆದ್ದಾವ ಸೋತ, ಸೋತಾವ ಸತ್ತ ಅಂತಾರ. ಹಾಕಿಬಿಡಪ್ಪಾ ಒಂದು ರುಜು" ಎಂದು ಹಿರಿಯರೊಬ್ಬರು ಅಂದರು.

ಅಪ್ಪ ಹೇಳಿದ್ದು ಇಷ್ಟೇ. "ಕೇಸು ಹಾಕಂಗಿಲ್ಲ. ರುಜುನೂ ಹಾಕಂಗಿಲ್ಲ. ಅದು ನನ್ನ ಮಗಳದು. ನಂದಲ್ಲದ್ದನ್ನ ನಾನ್ಯಾಕ ಕೊಡ್ಲಿ?"

ಬಸ್ಸು ನಿಲ್ಲುತ್ತಿತ್ತು, ಹನ್ನೊಂದು ಮಕ್ಕಳನ್ನು ಹತ್ತಿಸಿಕೊಳ್ಳುತ್ತಿತ್ತು, ನನ್ನನ್ನು ಬಿಡುತ್ತಿತ್ತು. ಅಪ್ಪ ಎತ್ತಿನ ಗಾಡಿ ಹೂಡಿದ. ಬಾಳೆಗೊನೆ ಇದ್ದ ದಿನ ಗೊನೆಗಳ ನಡುವೆ ನಾನು, ಇಲ್ಲದ ದಿನ ನಾನೊಬ್ಬಳೇ. ಸಾಲಿಯ ಗಂಟೆಗೆ ಮುಟ್ಟಬೇಕಾದರೆ ಬಸ್ಸಿಗಿಂತ ಬಹಳ ಮೊದಲು ಹೊರಡಬೇಕು. ಆದರೂ ದಾರಿಯಲ್ಲಿ ಎಲ್ಲಾದರೂ ಅದು ಹಿಂದಿನಿಂದ ಬಂದು ನಮಗೆ ಧೂಳು ಉಣಿಸಿ ಮುಂದೆ ಹೋಗುತ್ತಿತ್ತು. ಹುಡುಗರು ಕಿಟಕಿಯಿಂದ ಕೈ ಬೀಸುತ್ತಿದ್ದರು. ನಾನು ನಾಲಿಗೆ ಚಾಚುತ್ತಿದ್ದೆ. ಮಹಾಯುದ್ಧ ಬಂದು ಪೆಟ್ರೋಲು ಸಿಗದೆ, ಇದ್ದಿಲ ಗ್ಯಾಸಿನಲ್ಲಿ ಓಡಲೆಂದು ಬಸ್ಸಿನ ಹಿಂದೆ ಒಲೆ ಕಟ್ಟಿದ ಮೇಲೆ ಅದು ಏರಿನಲ್ಲಿ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಆಗ ನಮ್ಮ ಎತ್ತುಗಳು ಅದನ್ನು ದಾಟಿ ಹೋದ ದಿನಗಳೂ ಇವೆ. ಅಂಥ ದಿನ ನಾನು ಗಾಡಿಯಲ್ಲಿ ಎದ್ದು ನಿಂತುಬಿಡುತ್ತಿದ್ದೆ. ನನಗೆ ನಾಚಿಕೆ ಕಡಿಮೆ ಎಂದು ಅವ್ವ ಯಾವಾಗಲೂ ಹೇಳುತ್ತಿದ್ದಳು.

ಆ ವರ್ಷಗಳಲ್ಲಿ ಅಪ್ಪನ ಬಗ್ಗೆ ಊರಿನಲ್ಲಿ ಒಂದು ದೂರು ಹುಟ್ಟಿತು. ಸತ್ತ ಮನೆಗೆ ಹೋದರೆ ಬಾಯಿ ಬಿಡುವುದಿಲ್ಲ, ಕಂಬಕ್ಕೆ ಒರಗಿ ಕೂತು ಎದ್ದು ಬರುತ್ತಾನೆ, ನಾಲ್ಕು ಸಮಾಧಾನದ ಮಾತು ಆಡುವುದಿಲ್ಲ, ಸೊಕ್ಕು ಬಂದಿದೆ ಎಂದು. ನನ್ನ ಸೋದರಮಾವ ತೀರಿಕೊಂಡಾಗ ಅತ್ತೆ ಅಪ್ಪನ ಎದುರೇ ಅಂದಳು, "ಮೂಗನಂಗ ಕುಂತಿಯಲ್ಲಣ್ಣ, ಒಂದು ಮಾತಾಡಬಾರದಾ?" ಅಪ್ಪ ಆಗಲೂ ಮಾತಾಡಲಿಲ್ಲ. ನನಗೂ ಸಿಟ್ಟು ಬಂದಿತ್ತು.

ಹದಿನೆಂಟು ತುಂಬಿದ ವರ್ಷ ನಾನು ಸಾಲಿ ಮುಗಿಸಿ ಮಾಸ್ತರಿಕೆ ತರಬೇತಿಗೆ ಹೋಗುವುದಿತ್ತು. ಅದಕ್ಕೂ ಮೊದಲು ವಕೀಲರ ಮನೆಗೆ ಹೋದೆ. ಅವರು ನನ್ನನ್ನು ಕಾಲು ನೋಡಿ ಗುರುತು ಹಿಡಿದರು.

"ಬಂದ್ಯಾ ತಾಯಿ. ಕಾಯ್ತಿದ್ದೆ" ಎಂದರು. ಆಮೇಲೆ ನಿಜ ಹೇಳಿದರು. "ಹಕ್ಕು ಐತಿ, ಸಾಕ್ಷಿ ಇಲ್ಲ. ನಿಮ್ಮಪ್ಪನ ಕಾಗದ ಅವರ ಕೈಯಾಗೈತಿ. ಆಮ್ಯಾಲೆ ಕಂಡಕ್ಟರನ್ನ ಇಟ್ರಲ್ಲ ಅಂದ್ರ, ಅದು ತಪ್ಪೊಪ್ಪಿಗೆ ಅಲ್ಲ ಅಂತಾರ. ಹುಡುಗರು ಕಾಯಿ ನೋಡಿದ್ರು, ಗಾಲಿ ನೋಡಲಿಲ್ಲ. ಇರಾವ ಆ ಡ್ರೈವರ ಒಬ್ಬನ. ಆವ ತನ್ನ ಬಾಯಿಲೆ ತಾನ ತಪ್ಪು ಮಾಡೀನಿ ಅನ್ನಬೇಕು. ಯಾವಾವ ಅಂತಾನ?"

"ಡ್ರೈವರ ಮ್ಯಾಲೆ ದಾವಾ ಹಾಕಬ್ಯಾಡ್ರಿ. ಮಾಲೀಕರ ಮ್ಯಾಲೆ ಅಷ್ಟ ಹಾಕ್ರಿ" ಎಂದೆ.

"ಹಾಕಬಹುದು. ಆದ್ರ ಆವ ಹೊಳಿ ದಾಟಿ ಹೋಗ್ಯಾನ. ಅದು ನಿಜಾಮರ ಸೀಮೆ. ನಮ್ಮ ಕೋರ್ಟಿನ ಸಮನ್ಸಿಗೆ ಅಲ್ಲಿ ಬೆಲೆ ಇಲ್ಲ. ತಾನಾಗಿ ಬಂದ್ರ ಬಂದ."

ಅಪ್ಪನೂ ನಾನೂ ಕಂಪ್ಲಿಗೆ ಹೋದೆವು. ಗಾಡಿಗೆ ಅದು ದೂರ, ಹಾಗಾಗಿ ಅದೇ ಮಾಲೀಕರ ಬಸ್ಸಿಗೆ ಹತ್ತಿದೆವು. ಕಂಡಕ್ಟರ ಹೊಸಬ, ನಮ್ಮ ಗುರುತು ಹಿಡಿಯದೆ ಟಿಕೀಟು ಹರಿದು ಕೊಟ್ಟ. ಹೊಳೆಯ ದಂಡೆಯಲ್ಲಿ ವಿಚಾರಿಸಿದರೆ ಹೆಚ್ಚು ಹುಡುಕಬೇಕಾಗಲಿಲ್ಲ. ಡ್ರೈವರು ಈಗ ಆಚೆ ದಂಡೆಯಲ್ಲಿ ಮನೆ ಮಾಡಿಕೊಂಡು ಹರಿಗೋಲು ಹಾಕುತ್ತಿದ್ದ. ನಮ್ಮನ್ನು ಯಾರೋ ದಾಟುವವರು ಎಂದುಕೊಂಡು ಹತ್ತಿರ ಬಂದ. ನನ್ನ ನಡಿಗೆ ನೋಡಿ ಅಲ್ಲೇ ಹುಟ್ಟು ಕೆಳಗಿಟ್ಟ.

ಹರಿಗೋಲಿನ ಅಂಚಿಗೆ ಕೂತು ಮಾತಾಡಿದೆವು. ಬಂದ ಕೆಲಸವನ್ನು ನಾನೇ ಹೇಳಿದೆ. ಅವನು ಅಪ್ಪನ ಕಡೆ ತಿರುಗಿದ.

"ಯಜಮಾನ್ರ, ಅವತ್ತು ನೀವ ಅಂದ್ರಿ, ಯಾರದೂ ತಪ್ಪಿಲ್ಲ ಅಂತ. ಆ ಮಾತು ಹಿಡಕಂಡ ನಾ ಇಷ್ಟು ವರ್ಷ ಅನ್ನ ಉಂಡೀನ್ರಿ."

ಅಪ್ಪ ತಲೆ ತಗ್ಗಿಸಿದ. ನನಗೆ ತಡೆಯಲಾಗಲಿಲ್ಲ.

"ಆ ಮಾತು ಅಪ್ಪಂದು. ನಂದಲ್ಲ. ಬಗ್ಗಿ ನೋಡದ ಬಸ್ಸು ಬಿಟ್ಟಿದ್ದು ತಪ್ಪೋ ಅಲ್ಲೋ? ನನಗ ಹೇಳ್ರಿ ಸಾಕು, ಕೋರ್ಟಿಗೆ ಬರ್ರಿ ಬಿಡ್ರಿ."

ಆಚೆ ದಂಡೆಯಿಂದ ಯಾರೋ ಕೂಗಿ ಕರೆದರು, ಅವನು ಓಗೊಡಲಿಲ್ಲ. ಕೊನೆಗೆ, "ಯಾವತ್ತು ಬರಬೇಕವ್ವ?" ಎಂದ.

ದಾವೆ ಹಾಕಿ ಒಂದು ವರ್ಷದ ಮೇಲೆ ವಿಚಾರಣೆಗೆ ಬಂತು. ಮುನಸೀಫರು ತೆಲುಗಿನವರು, ಕನ್ನಡ ಅರ್ಥವಾಗುತ್ತಿತ್ತು, ಆದರೂ ಪ್ರತಿ ಮಾತನ್ನೂ ನಿಧಾನವಾಗಿ ಹೇಳಿಸಿ ಬರೆದುಕೊಳ್ಳುತ್ತಿದ್ದರು. ಡ್ರೈವರು ಬಂದಿದ್ದ. ಅವತ್ತು ಹೊಳೆ ತುಂಬಿತ್ತು, ಅವನ ಧೋತರ ಮೊಣಕಾಲ ತನಕ ಒದ್ದೆಯಿತ್ತು. ಕಟಕಟೆಯಲ್ಲಿ ಕೈ ಕಟ್ಟಿ ನಿಂತು ಹೇಳಿದ.

"ತಪ್ಪಾಗೇತ್ರಿ. ನಾ ಇಳಿದು ಬಗ್ಗಿ ನೋಡಬೇಕಿತ್ತು, ನೋಡಲಿಲ್ಲ. ನೋಡಾಕ ಕೆಳಗೊಬ್ಬ ಇರಬೇಕಿತ್ತು, ಅವನ್ನ ಬಿಡಿಸಿದ್ರು. ಒಬ್ಬನ ಕೈಲೆ ಆಗಂಗಿಲ್ರಿ ಅಂತ ಮಾಲೀಕರಿಗೆ ನಾ ಮೊದಲ ಹೇಳಿದ್ದೆ."

ಎದುರು ವಕೀಲರು ಅವನನ್ನು ಬೈದು, ಹೆದರಿಸಿ, ಕೆಲಸ ಹೋದ ಸಿಟ್ಟಿಗೆ ಹೀಗೆ ಹೇಳುತ್ತೀಯೆ ಎಂದೆಲ್ಲ ಅಂದರು. ಅವನು ಹೇಳಿದ್ದನ್ನೇ ಹೇಳಿದ. ನನಗೆ ಅಲ್ಲಿಗೇ ಸಾಕಾಗಿತ್ತು, ಎದ್ದು ಮನೆಗೆ ಹೋಗಬಹುದಿತ್ತು. ಆದರೆ ಅಪ್ಪನ ಸರದಿ ಬಂತು.

ಎದುರು ವಕೀಲರು ಹಳೆಯ ಕಾಗದವನ್ನು ಬಿಡಿಸಿ ಹಿಡಿದರು. "ಈ ರುಜು ನಿಮ್ಮದೇನು?"

"ನಂದರಿ."

"ಯಾರ ತಪ್ಪೂ ಇಲ್ಲ ಅಂತ ನೀವು ಹೇಳಿದ್ದು ಹೌದೋ ಅಲ್ಲವೋ?"

"ಹೌದ್ರಿ."

ವಕೀಲರು ಮುನಸೀಫರ ಕಡೆ ನೋಡಿ ಕೂರಲು ಹೋದರು. ಮುನಸೀಫರು ಬರೆಯುವುದನ್ನು ನಿಲ್ಲಿಸಿ ತಾವೇ ಕೇಳಿದರು. "ನೀವು ಆಡಿದ ಆ ಮಾತು ನಿಜವೇ?"

ಅಪ್ಪ ಕಟಕಟೆಯ ಕಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡ. "ಆವ ಮನಿ ಬಾಗಿಲಿಗೆ ಬಂದು ಅಳತಿದ್ನರಿ. ಮತ್ತೇನ್ ಅನ್ನಬೇಕಿತ್ರಿ? ಎಲ್ಲಾರೂ ಅನ್ನೋ ಮಾತು ಅಂದೆ. ಮರುದಿನ ನನ್ನ ಮಗಳ ಮುಂದೂ ಅದನ್ನ ಅಂದೆ. ಆಕಿ ಕೇಳಿದ್ಲು, ಹಂಗಾರ ನಂದಾ, ಅಂತ. ನನ್ನ ಹತ್ರ ಜವಾಬಿರಲಿಲ್ಲ. ನೀರು ತರತೀನಿ ಅಂತ ಎದ್ದು ಹೋದೆ. ಅವತ್ತಿಂದ ಆ ಮಾತು ಯಾರ ಮನ್ಯಾಗೂ ಆಡಿಲ್ರಿ. ಸತ್ತ ಮನ್ಯಾಗೂ ಆಡಿಲ್ಲ. ಅದು ಸುಳ್ಳು ಮಾತ್ರಿ."

ಹೆಂಗಸರಿಗೆಂದು ಹಾಕಿದ್ದ ಬೆಂಚಿನ ಮೇಲೆ ಕೂತಿದ್ದ ನನಗೆ ಆಗ ತಿಳಿಯಿತು, ಅವತ್ತು ನನ್ನ ಪ್ರಶ್ನೆ ಅಪ್ಪನಿಗೆ ಕೇಳಿಸಿತ್ತು. ಎಂಟು ವರ್ಷ ದಿನಾ ಬೆಳಿಗ್ಗೆ ಆ ಮನುಷ್ಯನ ಬೆನ್ನು ನೋಡಿಕೊಂಡು ಗಾಡಿಯಲ್ಲಿ ಕೂತಿದ್ದೆ. ಸೊಕ್ಕು ಅಂದವರ ಜೊತೆ ಮನಸ್ಸಿನಲ್ಲಿ ನಾನೂ ಸೇರಿಕೊಂಡಿದ್ದೆ.

ತೀರ್ಪು ನಮ್ಮ ಕಡೆ ಆಯಿತು. ಇಂಗ್ಲಿಷಿನಲ್ಲಿತ್ತು. ವಕೀಲರು ಪಡಸಾಲೆಯಲ್ಲಿ ನಿಂತು ಕನ್ನಡದಲ್ಲಿ ಹೇಳಿದರು. ತಂದೆಯ ಮಾತು ಮಗಳನ್ನು ಕಟ್ಟುವುದಿಲ್ಲ. ಮಾಲೀಕರು ಪರಿಹಾರ ಕೊಡತಕ್ಕದ್ದು. ಹತ್ತು ವರ್ಷದ ಮಗು ಕಾಯಿಯ ಹೋಳಿಗೆ ಕೈಯೋ ಕಾಲೋ ಚಾಚಿದ್ದನ್ನು ಮಗುವಿನ ತಪ್ಪೆಂದು ಹೇಳಲಾಗದು.

"ಆ ಕಡೀ ಮಾತು ಇನ್ನೊಮ್ಮೆ ಹೇಳ್ರಿ" ಎಂದ ಅಪ್ಪ. ವಕೀಲರು ಹೇಳಿದರು. "ಇನ್ನೊಮ್ಮೆ" ಎಂದ. ಅವರು ನಶ್ಯದ ಡಬ್ಬಿ ಜೇಬಿಗೆ ಹಾಕಿ, ಇನ್ನೊಮ್ಮೆ ಹೇಳಿದರು.

ಗಾಡಿಯಲ್ಲಿ ಊರಿಗೆ ಬಂದೆವು. ಬೇವಿನ ಮರದ ಹತ್ತಿರ ಬಂದಾಗ ಅಪ್ಪ ಹಗ್ಗ ಎಳೆದು ಎತ್ತುಗಳನ್ನು ನಿಲ್ಲಿಸಿದ. ಹಿಂದಕ್ಕೆ ತಿರುಗಲಿಲ್ಲ, ಮುಂದೆ ನೋಡುತ್ತಲೇ ಹೇಳಿದ.

"ಅವತ್ತು ಕೇಳಿದ್ಯಲ್ಲ ನೀನು. ನಿಂದಲ್ಲವ್ವ."

ನನಗೆ ಅಳು ಬಂತು. ಸೆರಗು ಬಾಯಿಗೆ ಒತ್ತಿ ಹಿಡಿದೆ, ಅವನಿಗೆ ಕೇಳಿಸಬಾರದು ಎಂದು. ಸ್ವಲ್ಪ ಹೊತ್ತಾದ ಮೇಲೆ, "ಗೊತ್ತಾತು ನಡಿ ಅಪ್ಪಾ, ಎತ್ತು ನೀರಡಿಸ್ಯಾವು" ಎಂದೆ. ಅವನು ಹಗ್ಗ ಸಡಿಲ ಬಿಟ್ಟ.